ಜಾಗ ಬದಲಿಸಿದ ಕೆಂಪು ಗೂಟಗಳು

ಮಂಗಳವಾರ ಬೆಳಿಗ್ಗೆ 9.40ಕ್ಕೆ ಪಂಚಾಯಿತಿ ಕಾರ್ಯದರ್ಶಿ ಠಾಣೆಗೆ ಬಂದರು. ಕೈಯಲ್ಲಿ ಮಡಿಸಿದ ನಕ್ಷೆ, ಬೆನ್ನ ಹಿಂದೆ ಕುದಿಯುತ್ತಿದ್ದ ಇಬ್ಬರು. ಒಬ್ಬ ಐಸ್ ಕಾರ್ಖಾನೆಯ ಸಾಹುಕಾರ. ಇನ್ನೊಬ್ಬ ಮೋಟಾರು ದೋಣಿ ನಡೆಸುವವನು. ಊರು ಅವನನ್ನು ತಮಾಷೆಗೆ ಕ್ಯಾಪ್ಟನ್ ಎಂದು ಕರೆಯುತ್ತಿತ್ತು. ಅವನು ಮಾತ್ರ ಅದನ್ನು ನಿಜವೆಂದೇ ನಂಬಿದ್ದ.

ದೂರು ಹೀಗಿತ್ತು. ಕಡಲು ವರ್ಷವರ್ಷವೂ ಒಳಗೆ ಬರುತ್ತಿದ್ದುದರಿಂದ ಪಂಚಾಯಿತಿಯವರು ದಡದುದ್ದಕ್ಕೂ ಹದಿನೇಳು ಕೆಂಪು ಗೂಟ ನೆಟ್ಟು ಗೆರೆ ಗುರುತಿಸಿದ್ದರು. ಗೆರೆಯಿಂದ ಕಡಲ ಕಡೆಗೆ ಬಿದ್ದ ಮನೆಗಳು ಮೂರು ತಿಂಗಳಲ್ಲಿ ಖಾಲಿಯಾಗಬೇಕು. ಅಲ್ಲಿನವರಿಗೆ ಗುಡ್ಡದ ಮೇಲೆ ಬೇರೆ ಮನೆ. ಶುಕ್ರವಾರ ಮೇಲಿನ ಕಚೇರಿಯವರು ಬಂದು, ಗೂಟ ನೋಡಿ, ಖಾಲಿಯಾಗುವ ಮನೆಗಳ ಪಟ್ಟಿಗೆ ಮೊಹರು ಹಾಕುವವರಿದ್ದರು. ಅಷ್ಟರಲ್ಲಿ ಯಾರೋ ಆರರಿಂದ ಹನ್ನೊಂದನೆಯ ನಂಬರಿನವರೆಗಿನ ಗೂಟಗಳನ್ನು ಕಿತ್ತು ಊರಿನ ಕಡೆಗೆ ಸರಿಸಿದ್ದರು.

"ನನ್ನ ಮನೇನ ಕಡಲಿಗೆ ಬರೆದುಕೊಟ್ಟುಬಿಟ್ಟಿದಾರೆ ಸಾರ್!" ಕ್ಯಾಪ್ಟನ್ ಮೇಜು ಗುದ್ದಿದ. "ಕೈಯಾರೆ ಕಟ್ಟಿದ ಮನೆ. ಮಾಡಿದೋನು ಯಾರೇ ಆಗಿರ್ಲಿ, ಒಳಗೆ ಹಾಕಿ."

"ಹಾಕೋಣ. ಮೊದಲು ಮೇಜು ಬಿಡು," ಎಂದರು ಇನ್‌ಸ್ಪೆಕ್ಟರ್.

10.25ಕ್ಕೆ ಎಫ್‌ಐಆರ್ ದಾಖಲಾಯಿತು. ಇಪ್ಪತ್ಮೂರು ವರ್ಷದ ಸರ್ವಿಸಿನಲ್ಲಿ ಇನ್‌ಸ್ಪೆಕ್ಟರ್ ಕಲಿತ ಪಾಠ ಒಂದೇ: ಎಲ್ಲರಿಗಿಂತ ಗಟ್ಟಿಯಾಗಿ ಕೂಗುವವನನ್ನು ಎಲ್ಲರಿಗಿಂತ ಮೊದಲು ಅನುಮಾನಿಸಬೇಕು. ಅವತ್ತು ಅವರ ಮುಂದೆ ಕೂಗುವವರು ಇಬ್ಬರಿದ್ದರು.

11.30ಕ್ಕೆ ದಡದಲ್ಲಿ ಸ್ಥಳ ಪಂಚನಾಮೆ. ಪಂಚನಾಗಿ ಸಹಿ ಹಾಕಲು ಕ್ಯಾಪ್ಟನ್ ತಾನೇ ಮುಂದೆ ಬಂದ. ಹಳೆಯ ಗುಂಡಿಗಳನ್ನು ಮರಳು ತುಂಬಿ ಮಟ್ಟ ಮಾಡಲಾಗಿತ್ತು. ದಫೇದಾರ ಟೇಪು ಹಿಡಿದು ಹಳೆಯ ಗುಂಡಿಯಿಂದ ಹೊಸ ಗೂಟಕ್ಕೆ ಅಳೆದ. ಆರು ಮತ್ತು ಹನ್ನೊಂದನೆಯವು ಒಂಬತ್ತು ಅಡಿ ಎಂಟು ಇಂಚು ಸರಿದಿದ್ದವು. ಏಳು ಮತ್ತು ಹತ್ತನೆಯವು ಹತ್ತೊಂಬತ್ತು ಅಡಿ ನಾಲ್ಕು ಇಂಚು. ನಡುವಿನ ಎಂಟು, ಒಂಬತ್ತು ಸರಿಯಾಗಿ ಇಪ್ಪತ್ತೊಂಬತ್ತು ಅಡಿ. ಆ ಎರಡರ ನಡುವೆ ಇದ್ದದ್ದು ಕ್ಯಾಪ್ಟನ್‌ನ ಪುಟ್ಟ ಮನೆ. ಮೊದಲು ಗೆರೆ ಅದರ ಹೊಸಿಲಿನಿಂದ ಐದೇ ಅಡಿ ಮುಂದಿತ್ತು. ಈಗ ಹಿತ್ತಿಲ ಗೋಡೆಯ ಹಿಂದೆ ಹೋಗಿತ್ತು.

"ಇದೆಂಥಾ ಲೆಕ್ಕ ಸಾರ್?" ದಫೇದಾರ ತಲೆ ಕೆರೆದುಕೊಂಡ. "ಟೇಪು ಇದ್ದೋನು ಹತ್ತು, ಇಪ್ಪತ್ತು, ಮೂವತ್ತು ಅಂತ ಇಡ್ತಾನೆ. ಒಂಬತ್ತು ಅಡಿ ಎಂಟು ಇಂಚು ಯಾವನಿಟ್ಟ?"

"ಅಂದ್ರೆ ಅವನ ಹತ್ರ ಟೇಪು ಇರಲಿಲ್ಲ. ಆದ್ರೂ ಅಳತೆ ಇತ್ತು. ಬರ್ಕೋ."

ಮಧ್ಯಾಹ್ನ ಸಾಹುಕಾರನ ಸರದಿ. ಐಸ್ ಕಾರ್ಖಾನೆಯ ಕಚೇರಿಯಲ್ಲಿ ಚಳಿಯಿತ್ತು, ಅವನ ಹಣೆಯಲ್ಲಿ ಮಾತ್ರ ಬೆವರಿತ್ತು.

"ಗುಡ್ಡದ ಮೇಲೆ ಪಂಚಾಯಿತಿ ಜಾಗದ ಪಕ್ಕದ ಜಮೀನು ಯಾರದು?"

"ನನ್ನದು. ಅದಕ್ಕೇನೀಗ?"

"ಖಾಲಿಯಾಗೋ ಮನೆ ಹೆಚ್ಚಾದ್ರೆ ಪಂಚಾಯಿತಿಗೆ ಅದೂ ಬೇಕಾಗುತ್ತೆ."

"ನಾನು ಗೂಟ ಮುಟ್ಟಿಲ್ಲ ಸಾರ್!"

"ಮುಟ್ಟಿದೀರಿ ಅಂತ ನಾನಿನ್ನೂ ಅಂದಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ಅವನದು. ಆದರೆ ಅವನ ಕಾಂಪೌಂಡೂ ಮೂರಡಿ ಗೆರೆಯ ಆಚೆ ಹೋಗಿತ್ತು; ತನ್ನ ಬುಡಕ್ಕೆ ತಾನೇ ಕೊಡಲಿ ಹಾಕಿಕೊಳ್ಳುವಷ್ಟು ದಡ್ಡ ಅವನಲ್ಲ. ಜೊತೆಗೆ ಸಮಯವೂ ಹೊಂದಲಿಲ್ಲ. ಕಾರ್ಯದರ್ಶಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಗೂಟಗಳನ್ನು ನೋಡಿದ್ದರು, ಎಲ್ಲ ಸರಿಯಿದ್ದವು. ಅವತ್ತು ಸಂಜೆ ಐದೂವರೆಯಿಂದ ಮಂಗಳವಾರ ಬೆಳಿಗ್ಗೆಯವರೆಗೆ ಅಲ್ಲೇ ಹತ್ತು ಜನ ಹಗಲೂ ರಾತ್ರಿ ದೋಣಿ ರಿಪೇರಿ ಮಾಡುತ್ತಿದ್ದರು. ಉಳಿದದ್ದು ಭಾನುವಾರ ಮೂರರಿಂದ ಐದೂವರೆ. ಆಗ ಊರಿಗೆ ಊರೇ ಪಂಚಾಯಿತಿ ಸಭಾಂಗಣದಲ್ಲಿ ಇದೇ ಗೆರೆಯ ವಿಷಯಕ್ಕೆ ಜಗಳವಾಡುತ್ತಿತ್ತು. ಹಾಜರಿ ಪುಸ್ತಕದಲ್ಲಿ ಸಾಹುಕಾರನ ಸಹಿಯಿತ್ತು, ಕ್ಯಾಪ್ಟನ್‌ನ ಸಹಿಯಿತ್ತು. ಊರವರು ಈಗ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡತೊಡಗಿದ್ದರು. ಅಣ್ಣ ತಮ್ಮನ ಮೇಲೆ, ನೆರೆಯವನು ನೆರೆಯವನ ಮೇಲೆ ಠಾಣೆಗೆ ಬಂದು ಪಿಸುಗುಟ್ಟಿ ಹೋದರು.

ಬುಧವಾರ ಬೆಳಿಗ್ಗೆ 10.15. ಸ್ಥಳದ ಸುತ್ತಲೂ ಹಗ್ಗ ಕಟ್ಟಬೇಕಿತ್ತು. ದಫೇದಾರ ಬಲೆ ಹೊಲಿಯುವ ಚಪ್ಪರಕ್ಕೆ ಹೋಗಿ ಹಗ್ಗ ಕೇಳಿದ. ಅಲ್ಲಿ ಮೂವರು ಹೆಂಗಸರು ಕೂತಿದ್ದರು. ಕೊನೆಯಲ್ಲಿದ್ದ ಕುಳ್ಳಗಿನವಳು ಕ್ಯಾಪ್ಟನ್‌ನ ಹೆಂಡತಿ.

"ಎಷ್ಟು ಮಾರು ಬೇಕಣ್ಣ?" ಎಂದಳು ಮೊದಲನೆಯವಳು. ಎದ್ದು ನಿಂತು, ಹಗ್ಗವನ್ನು ಎದೆಯ ಮೇಲೆ ಹಿಡಿದು, ಎರಡೂ ಕೈ ಚಾಚಿ ಅಳೆಯತೊಡಗಿದಳು.

ಹಿಂದೆ ನಿಂತಿದ್ದ ಇನ್‌ಸ್ಪೆಕ್ಟರ್ ಆ ಚಾಚಿದ ಕೈಗಳನ್ನು ನೋಡಿ ಮುಂದೆ ಬಂದರು. "ಆರು ಮಾರು. ಮೂವರೂ ಒಂದೊಂದು ತುಂಡು ಅಳೆದು ಕೊಡಿ, ತಾಯಿ."

ಠಾಣೆಗೆ ಬಂದು ಟೇಪು ಹಿಡಿದರು. ಮೊದಲನೆಯ ತುಂಡು ಮೂವತ್ತೊಂದೂವರೆ ಅಡಿ. ಎರಡನೆಯದು ಮೂವತ್ತು. ಮೂರನೆಯದು, ಕುಳ್ಳಗಿನವಳು ಅಳೆದದ್ದು, ಸರಿಯಾಗಿ ಇಪ್ಪತ್ತೊಂಬತ್ತು. ಗೂಟಗಳು ಸರಿದದ್ದು ಅವಳ ಲೆಕ್ಕದಲ್ಲಿ ಎರಡು ಮಾರು, ನಾಲ್ಕು ಮಾರು, ಆರು ಮಾರು. ಚಾಚಿದ ಕೈಗಳ ಅಳತೆ ನಾಲ್ಕು ಅಡಿ ಹತ್ತು ಇಂಚು.

"ಆ ಕ್ಯಾಪ್ಟನ್ ಹೆಂಡ್ತಿನೇ?" ದಫೇದಾರ ಕೂತುಬಿಟ್ಟ.

ಭಾನುವಾರ ಸಂಜೆ ನಾಲ್ಕಕ್ಕೆ ಅವಳು ಹೆಗಲ ಮೇಲೆ ಹಗ್ಗ ಹೊತ್ತು ದಡದಲ್ಲಿ ಓಡಾಡಿದ್ದನ್ನು ಸಭೆಗೆ ಹೋಗದ ಇಬ್ಬರು ನೋಡಿದ್ದರು. ಹಗ್ಗ ಒಣಹಾಕುತ್ತಿದ್ದಾಳೆ ಅಂದುಕೊಂಡು ಯಾರೂ ಹೇಳಿರಲಿಲ್ಲ. ಇಬ್ಬರ ಹೇಳಿಕೆಯೂ ದಾಖಲಾಯಿತು.

ಸಂಜೆ 4.10ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಒಬ್ಬಳನ್ನು ಜೊತೆಗಿಟ್ಟುಕೊಂಡು ವಿಚಾರಣೆ ನಡೆಯಿತು. ಅವಳು ಸುತ್ತಿಬಳಸಲಿಲ್ಲ.

"ನಾನೇ ಕಿತ್ತೆ."

"ಬೇಕಾಗಿದ್ದು ಎರಡೇ ಗೂಟ. ಆರು ಯಾಕೆ?"

"ಎರಡೇ ಸರಿಸಿದ್ರೆ ಗೆರೆ ಸೊಟ್ಟಗೆ ಕಾಣ್ತಿತ್ತು. ಬಲೆ ಥರ ಹದವಾಗಿ ಬಾಗಿಸ್ದೆ. ಸಾಹುಕಾರ್ರ ಕಾಂಪೌಂಡು ಸಿಕ್ಕಿಹಾಕ್ಕೊಳುತ್ತೆ ಅಂತ ಗೊತ್ತಾಗ್ಲಿಲ್ಲ."

"ಸ್ವಂತ ಮನೇನ ಯಾಕಮ್ಮ ಕಡಲ ಕಡೆ ಹಾಕ್ದೆ?"

"ಹೋದ ಮಳೆಗಾಲ, ಹಾಡಹಗಲು. ಇವ್ರು ದೋಣಿ ಹತ್ರ ಹೋಗಿದ್ರು. ನಾನು ಹಿತ್ತಿಲಲ್ಲಿದ್ದೆ. ಮಗಳು ಒಳಗೆ ಮಲಗಿದ್ಲು, ನಾಲ್ಕು ವರ್ಷ. ನೀರು ನುಗ್ತು. ನಾನು ಓಡಿ ಬರೋಷ್ಟ್ರಲ್ಲಿ ಚಾಪೆ ಸಮೇತ ತೇಲಿಕೊಂಡು ಬಾಗಿಲಿಗೆ ಬಂದಿದ್ಲು. ನಗ್ತಿದ್ಲು ಸಾರ್, ಆಟ ಅಂದ್ಕೊಂಡು. ನೀರು ವಾಪಸ್ ಎಳೀತಿತ್ತು. ಜುಟ್ಟು ಹಿಡಿದು ಎಳ್ಕೊಂಡೆ."

"ಗಂಡನಿಗೆ ಹೇಳ್ಲಿಲ್ವಾ?"

"ಹೇಳಿ ಹೇಳಿ ಬಾಯಿ ಸೋತೋಯ್ತು. ಗೋಡೆ ಗಟ್ಟಿ ಇದೆ, ಸುಮ್ನಿರೇ ಅಂತಾರೆ. ನನ್ನ ತಮ್ಮ ಅವನ ಮನೇಲಿ ಎರಡು ಕೋಣೆ ಬಿಟ್ಟುಕೊಡ್ತೀನಿ ಅಂದ. ಭಾಮೈದನ ಮನೇಲಿ ಬಿದ್ದಿರೋ ಗಂಡಸಲ್ಲ ನಾನು ಅಂದ್ರು. ಗೂಟ ನಮ್ಮ ಮನೆ ಮುಂದೆ ನಿಂತ ದಿನ, ನೋಡು ಸರ್ಕಾರಾನೇ ನನ್ನ ಕಡೆ ಅಂತ ಮೀಸೆ ತಿರುವಿದ್ರು. ನನ್ನ ಮಾತಿಗೆ ಇಲ್ಲದ ಬೆಲೆ ಆ ಗೂಟಕ್ಕಿತ್ತು. ಅದಕ್ಕೇ ಗೂಟದ ಕೈಲೇ ಹೇಳಿಸ್ದೆ."

ಮಹಿಳಾ ಕಾನ್‌ಸ್ಟೇಬಲ್ ಕಿಟಕಿಯ ಕಡೆ ತಿರುಗಿ ನಿಂತಳು. ಇನ್‌ಸ್ಪೆಕ್ಟರ್‌ಗೆ ಸಂಕಟವಾಯಿತು. ಆದರೆ ಎಫ್‌ಐಆರ್‌ನಲ್ಲಿ ಸಂಕಟಕ್ಕೆ ಕಾಲಂ ಇಲ್ಲ. 5.20ಕ್ಕೆ ದಸ್ತಗಿರಿ ದಾಖಲಾಯಿತು. ಗುರುವಾರ ಬೆಳಿಗ್ಗೆ ಗೂಟಗಳು ನಕ್ಷೆಯ ಪ್ರಕಾರ ಹಳೆಯ ಗುಂಡಿಗೆ ಹೋಗುವುದೆಂದೂ, ಅವಳ ಮನೆ ಪಟ್ಟಿಯಲ್ಲಿ ಇರುವುದಿಲ್ಲವೆಂದೂ ಅವಳಿಗೆ ತಿಳಿಸಿದರು. ಅವಳು ತಲೆಯಾಡಿಸಿದಳು.

ಕ್ಯಾಪ್ಟನ್ ಆರು ಗಂಟೆಗೆ ಬಂದ. ಮಗಳು ಅವನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ದಫೇದಾರ ಹೊರಗೇ ಅವನಿಗೆ ಎಲ್ಲವನ್ನೂ ಹೇಳಿದ್ದ. ಚಾಪೆಯ ವಿಷಯ ಹೆಂಡತಿ ಎಷ್ಟೋ ಸಲ ಹೇಳಿದ್ದಳು. ಪೊಲೀಸಿನವನ ಬಾಯಲ್ಲಿ ಅದನ್ನು ಅವನು ಮೊದಲ ಸಲ ಕೇಳಿಸಿಕೊಂಡ.

"ಜಾಮೀನು ನಾನು ಕೊಡ್ತೀನಿ ಸಾರ್."

"ಒಳಗೆ ಹಾಕಿ ಅಂದೋನೂ ನೀನೇ, ಬಿಡಿಸೋನೂ ನೀನೇ. ಕೂತ್ಕೋ." ಇನ್‌ಸ್ಪೆಕ್ಟರ್ ಮುಚ್ಚಳಿಕೆಯ ಫಾರಂ ಎಳೆದುಕೊಂಡರು. ಹೆಸರು, ವಯಸ್ಸು, ಕಸುಬು ಬರೆದರು.

"ಬಿಡುಗಡೆಯಾದ ಮೇಲೆ ಆರೋಪಿ ವಾಸ ಮಾಡೋ ವಿಳಾಸ?"

ಕ್ಯಾಪ್ಟನ್ ಬೆಂಚಿನ ಮೇಲಿದ್ದ ಹೆಂಡತಿಯ ಕಡೆ ನೋಡಲಿಲ್ಲ. ಮಗಳನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

"ಗುಡ್ಡದ ಮೇಲೆ," ಎಂದ. "ನಮ್ಮ ಭಾಮೈದನ ಮನೆ."