ಹೆಬ್ಬೆಟ್ಟಿನ ಬಾಗಿಲು

"ಮೇಡಮ್ಮರ, ಇಲ್ಲಿ ಹೆಬ್ಬೆಟ್ಟು ಒತ್ರಿ."

ಅಂಜನಾಳ ಕಾಲು ಹೊಸ್ತಿಲ ಹೊರಗೇ ನಿಂತುಬಿಟ್ಟಿತು.

ಬಾಗಿಲಲ್ಲಿ ನಿಂತಿದ್ದವನು ಚನ್ನಬಸವರಾಜ. ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಆಪರೇಟರ್. ಅವನ ತಾಯಿ ಚನ್ನವೀರಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಆಕೆಗೆ ದಿನವೂ ವ್ಯಾಯಾಮ ಮಾಡಿಸಲು ಒಪ್ಪಿಕೊಂಡ ಫಿಸಿಯೋಥೆರಪಿಸ್ಟ್ ಅಂಜನಾ. ಇವತ್ತೇ ಮೊದಲ ದಿನ. ಅವನ ಬಾಯಿಂದ ಬಂದ ಮೊದಲ ಮಾತೇ ಇದು!

"ಏನಂದ್ರಿ?"

"ಹೆಬ್ಬೆಟ್ಟು… ಈ ಬೀಗಕ್ಕ." ಅವನು ಬಾಗಿಲ ಹಿಡಿಕೆಯ ಮೇಲಿದ್ದ ಸಣ್ಣ ಗಾಜಿನ ಚೌಕವನ್ನು ತೋರಿಸಿದ. "ಹೊಸಾದು ಹಾಕಿಸೀನ್ರಿ."

ಬಳ್ಳಾರಿಗೆ ಅದು ಅದಿರಿನ ಕಾಲ. ದುಡ್ಡು ಬಂದ ಬೀದಿಗಳಿಗೆ ಅದರ ಬೆನ್ನಿಗೇ ಭಯವೂ ಬಂದಿತ್ತು. ಎತ್ತರದ ಗೇಟು, ಕ್ಯಾಮೆರಾ, ಈಗ ಬೆರಳು ನೋಡಿ ತೆರೆಯುವ ಈ ಬೀಗ. ಜನ ಅದಕ್ಕೆ ಇಟ್ಟ ಹೆಸರೇ ಹೆಬ್ಬೆಟ್ಟಿನ ಬೀಗ.

ಅಂಜನಾಳ ಮುಖ ಕೆಂಪಾಯಿತು.

"ನನಗ ಸಹಿ ಮಾಡಾಕ ಬರತೈತ್ರಿ. ನಮ್ಮನ್ಯಾಗ ಹೆಬ್ಬೆಟ್ಟು ಕೊಡಾದು ಬಿಟ್ಟೀವಿ. ಇನ್ನ ಯಾರಿಗೂ ಕೊಡಾದಿಲ್ಲ!"

ಅವನು ಬೆಚ್ಚಿದ. ಏನೋ ಹೇಳಲು ಬಾಯಿ ತೆರೆದ. ಮುಷ್ಟಿ ಬಿಗಿದ ಅವಳ ಕೈಯತ್ತ ನೋಡಿದ. ಮತ್ತೆ ಬಾಯಿ ಮುಚ್ಚಿದ.

ಜೇಬಿನಿಂದ ಒಂದು ಕೀಲಿ ತೆಗೆದು ಚಾಚಿದ. "ಹಂಗಾದ್ರ ಇದನ್ನ ಇಟಗೋರಿ."

"ಮನಿ ಕೀಲಿನೂ ಬ್ಯಾಡ್ರಿ. ನಾಳೆ ಏನರ ಕಳದ್ರ ನನ್ನ ತಲಿ ಮ್ಯಾಲೆ ಬರತೈತಿ."

ಅವನು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಪಕ್ಕಕ್ಕೆ ಸರಿದ. ಅಷ್ಟೇ.

'ಎಂಥ ಸೊಕ್ಕಿನ ಮನುಷ್ಯ!' ಅಂದುಕೊಳ್ಳುತ್ತ ಅವಳು ಒಳಗೆ ಹೋದಳು.

ಅವಳ ಸಿಟ್ಟು ಬೀಗದ ಮೇಲಿನದ್ದಾಗಿರಲಿಲ್ಲ. ಕುರುಗೋಡಿನ ಹತ್ತಿರ ಅವಳ ಅಪ್ಪ ಉಜ್ಜಿನಪ್ಪನಿಗೆ ಒಂದು ತುಂಡು ಹೊಲವಿತ್ತು. ಅದಿರು ಸುರಿಯಲು ಜಾಗ ಹುಡುಕುತ್ತಿದ್ದ ದಲ್ಲಾಳಿಯೊಬ್ಬ ಬಂದು, 'ಒಂದು ವರ್ಷದ ಮಟ್ಟಿಗೆ ಅಷ್ಟ' ಎಂದು ನಂಬಿಸಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಮುಂದಿನ ಬಿತ್ತನೆಯ ಹೊತ್ತಿಗೆ ಹೊಲ ಬೇರೆಯವರದಾಗಿತ್ತು. ಅಂದಿನಿಂದ ಅಪ್ಪ ಬಲಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೇ ಕೂರುತ್ತಾನೆ. ಮನೆಗೆ ಬಂದವರಿಗೆ ಅದು ಕಾಣಬಾರದು ಎಂಬಂತೆ.

ಮರುದಿನದಿಂದ ಒಂದು ವಿಚಿತ್ರ ಶುರುವಾಯಿತು.

ಅಂಜನಾ ಕುರುಗೋಡಿನ ಬಸ್ಸಿಳಿದು ಆ ಮನೆಗೆ ಬರುವ ಹೊತ್ತಿಗೆ ಚನ್ನಬಸವರಾಜ ಬಾಗಿಲು ತೆರೆದು ನಿಂತಿರುತ್ತಿದ್ದ. ಕಣ್ಣು ಕೆಂಪಗೆ. ಗಡ್ಡ ಬೋಳಿಸಿಲ್ಲ. "ಬರ್ರಿ" ಎನ್ನುತ್ತಿದ್ದ. ಅವಳು ಹೊರಡುವಾಗಲೂ ಎದ್ದು ಬಂದು ಅಲ್ಲೇ ನಿಲ್ಲುತ್ತಿದ್ದ. "ಹೋಗಿ ಬರ್ರಿ" ಎನ್ನುತ್ತಿದ್ದ.

ದಿನಾ ಅದೇ ಎರಡು ಮಾತು. ದಿನಾ ಅದೇ ಕಣ್ಣು.

'ನನ್ನ ಚೀಲ ನೋಡೋಕೆ ನಿಲ್ತಾನಾ? ಕೀಲಿ ಬೇಡ ಅಂದಿದ್ದಕ್ಕೆ ಕಾವಲಾ?' ಬಸ್ಸಿನಲ್ಲಿ ಕೂತು ಅವಳು ಅದನ್ನೇ ಯೋಚಿಸುತ್ತಿದ್ದಳು. ಆ ಕೆಂಪು ಕಣ್ಣು ಕುಡಿತದ್ದೇ ಇರಬೇಕು ಎಂದೂ ಒಂದು ದಿನ ಅನಿಸಿತು.

ಕೆಲಸ ಬಿಟ್ಟುಬಿಡಬೇಕು ಅಂದುಕೊಂಡಾಗಲೆಲ್ಲ ಚನ್ನವೀರಮ್ಮ ಅಡ್ಡ ಬರುತ್ತಿದ್ದಳು.

"ಎತ್ರಿ ಅಮ್ಮಾರ, ಕೈ ಎತ್ರಿ. ಇನ್ನೊಂದು ಜರಾ…"

"ಏನ್ ಎತ್ತಲವ್ವಿ! ಈ ಕೈ ನಂದಂತ ಇದಕ್ಕ ನೆಪ್ಪಿಲ್ಲ. ನೀನ ಒಂದು ಮಾತು ಹೇಳಿ ನೋಡು, ಸಾಲಿ ಕಲ್ತಾಕಿ ಮಾತು ಕೇಳಿದ್ರೂ ಕೇಳೀತು."

ಇಬ್ಬರೂ ನಗುತ್ತಿದ್ದರು. ಆ ನಗುವಿನಲ್ಲೇ ಒಂದು ದಿನ ಅಂಜನಾ ಅಪ್ಪನ ವಿಷಯವನ್ನು ಹೇಳಿಕೊಂಡುಬಿಟ್ಟಿದ್ದಳು. ಮುದುಕಿ ಏನೂ ಅನ್ನದೆ ಎಡಗೈಯಿಂದ ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆ ಮೌನಕ್ಕಾಗಿ ಅಂಜನಾ ಮನಸ್ಸಿನಲ್ಲೇ ಆಕೆಗೆ ಕೈ ಮುಗಿದಿದ್ದಳು. ಅಯ್ಯೋ ಪಾಪ ಎನ್ನದ ಮೊದಲ ವ್ಯಕ್ತಿ ಆಕೆ.

ಹೀಗಿರುವಾಗ ಆ ದಿನ ಬಂತು.

ಅಂಜನಾ ಬಂದಾಗ ಬಾಗಿಲು ಮುಚ್ಚಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಅವಳು ಬೀದಿಯ ಎರಡೂ ತುದಿ ನೋಡಿದಳು. ದಿನಾ ಬೇಡವೆನಿಸುತ್ತಿದ್ದ ಆ ಕೆಂಪು ಕಣ್ಣು ಇವತ್ತು ಕಾಣದಿದ್ದಕ್ಕೆ ಯಾಕೆ ಈ ದಿಗಿಲು?

"ಅಮ್ಮಾರ…?"

"ಅವ್ವಿ, ಬಂದ್ಯಾ?" ದನಿ ನೆಲದಿಂದ ಬಂದಂತಿತ್ತು. "ಕಿಟಕಿಗೆ ಬಾರವ್ವ."

ಪಕ್ಕದ ಕಿಟಕಿಯ ಸರಳು ಹಿಡಿದು ಅವಳು ಇಣುಕಿದಳು. ಚನ್ನವೀರಮ್ಮ ಮಂಚದ ಕೆಳಗೆ ನೆಲದ ಮೇಲಿದ್ದಳು!

"ಅಯ್ಯೋ! ಬಿದ್ರೇನ್ರಿ?"

"ಬಿದ್ದಿಲ್ಲ. ಕುಂತೀನಿ. ಕುಂತಿದ್ದು ಜರಾ ಜೋರಾತು ಅಷ್ಟ."

"ತಲಿಗೆ ಪೆಟ್ಟಾತೇನ್ರಿ? ಸೊಂಟ ನೋಯ್ತೈತೇನು? ಕಾಲು ಅಲ್ಲಾಡಿಸಿ ತೋರಸ್ರಿ ನನಗ."

ಪುಣ್ಯಕ್ಕೆ ಏನೂ ಆಗಿರಲಿಲ್ಲ. ಆದರೆ ಏಳಲು ಬರುವಂತಿರಲಿಲ್ಲ. ರಾತ್ರಿ ಜೊತೆಗೆ ಮಲಗುತ್ತಿದ್ದ ಪಕ್ಕದ ಮನೆಯ ಹಂಪಕ್ಕ ಅವತ್ತು ನಸುಕಿನಲ್ಲೇ ಸಂಗನಕಲ್ಲಿಗೆ ಹೋಗಿದ್ದಳು. ಅವಳ ಬೆನ್ನ ಹಿಂದೆ ಬಾಗಿಲು ತಾನಾಗಿ ಬೀಗ ಹಾಕಿಕೊಂಡಿತ್ತು.

ಅಂಜನಾ ಅಲ್ಲಿಂದಲೇ ಚನ್ನಬಸವರಾಜನಿಗೆ ಫೋನ್ ಮಾಡಿದಳು.

"ಕುಡತಿನಿ ದಾಟೀನ್ರಿ, ಮುಂದ ಅದಿರಿನ ಲಾರಿ ಸಾಲಿಟ್ಟು ನಿಂತಾವು! ಬೈಕ್ ಹೋಗಾಕೂ ಜಾಗ ಇಲ್ಲ…" ಒಂದು ಕ್ಷಣ ಬರೀ ಹಾರ್ನಿನ ಸದ್ದು. "ಅವ್ವ…?"

"ಪೆಟ್ಟಾಗಿಲ್ರಿ. ನಾನು ಅದೀನಿ. ಆದ್ರ ಹೊರಗ ಅದೀನಿ."

ಆ ಮಾತು ಅವಳ ಬಾಯಿಂದ ಬಂದಾಗ ಅವಳಿಗೇ ಚುಚ್ಚಿತು. ಒಂದು ಬೆರಳು ಕೊಟ್ಟಿದ್ದರೆ ಈಗ ಒಳಗಿರುತ್ತಿದ್ದಳು. ಒಂದು ಕೀಲಿ ಇಸಿದುಕೊಂಡಿದ್ದರೆ…!

"ಬೀದಿ ಮಂದೀನ ಕರೀತೀನ್ರಿ ಅಮ್ಮಾರ, ಬಾಗ್ಲು ಮುರೀಲಿ."

"ಬ್ಯಾಡ!" ಮುದುಕಿಯ ನಗು ಅಳಿಸಿಹೋಯಿತು. "ನನ್ನ ಸೀರಿ ತೊಯ್ದೈತಿ ಅವ್ವಿ. ಗಂಡಸರು ಬಂದು ನೋಡಾದು ಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ, ಮಂದಿ ಬ್ಯಾಡ."

ಅಂಜನಾ ಕಣ್ಣು ಮುಚ್ಚಿದಳು. ಮಾನ ಎಂದರೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮನೆಯಲ್ಲಿ ಒಂದು ಮಡಚಿದ ಬೆರಳು ದಿನವೂ ಹೇಳುತ್ತಿತ್ತು.

"ಆತು. ಮಂದಿ ಬ್ಯಾಡ. ಹಂಗಾದ್ರ ಬಾಗ್ಲು ನೀವ ತೆಗೀಬೇಕು."

"ಹುಚ್ಚಿ ಅದೀಯೇನ?"

"ಒಳಗಿಂದ ಹಿಡಿಕಿ ಕೆಳಗ ಒತ್ತಿದ್ರ ಸಾಕು, ತೆರಕೊಂತೈತಿ. ಕುಂತಲ್ಲಿಂದ ಸರೀರಿ. ಎಡಗೈ ಊರ್ರಿ… ಹಾಂ, ಹಂಗ. ಈಗ ಎಡಗಾಲಿಂದ ದೂಕ್ರಿ."

ಮುದುಕಿ ಒಂದು ಗೇಣು ಸರಿದಳು. ಉಸಿರು ಬಿಟ್ಟಳು. ಮತ್ತೊಂದು ಗೇಣು.

"ಸುಸ್ತಾದ್ರ ನಿಲ್ರಿ. ಮಾತಾಡ್ರಿ ನನ್ನ ಕೂಡ."

"ಏನ್ ಮಾತಾಡಲಿ?… ನನ್ನ ಮಗನ್ನ ಬೈಯಾಣ ಬಾ. ಮಬ್ಬ ಅವ."

"ಅವರ ಸುದ್ದಿ ನನಗ್ಯಾಕ್ರಿ? ದಿನಾ ಬಾಗ್ಲಾಗ ಕಾವಲು ನಿಲ್ತಾರ. ನಾನೇನು ಕಳ್ಳಿ ಅಲ್ಲ."

ಒಳಗೆ ಸದ್ದು ನಿಂತಿತು.

"ಕಾವಲಾ?" ಚನ್ನವೀರಮ್ಮ ಕಿಟಕಿಯತ್ತ ತಲೆ ಎತ್ತಿದಳು. "ನಿನ್ನ ಸಲುವಾಗಿ ನಿಲ್ತಾನ ಅವ್ವಿ! ನನ್ನ ಮಗಳು ಸಿರುಗುಪ್ಪಕ್ಕ ಗಂಡನ ಮನಿಗೆ ಹೋದ ಮ್ಯಾಲೆ ಹಗಲಾಗ ನಾನೊಬ್ಬಾಕಿನ ಆಗ್ತೀನಂತ, ನೀನು ಬಂದು ಹೋಗಾಕ ಆಗ್ಲೆಂತ ಆ ಬೀಗ ತಂದ. ನೀನು ಒಲ್ಲೆ ಅಂದಿ. ಅವತ್ತ ಹೋಗಿ ಸಾಹೇಬರ ಕಾಲು ಹಿಡಿದು ರಾತ್ರಿ ಪಾಳಿ ತಗೊಂಡ. ಬಾಗ್ಲು ತೆಗ್ಯಾಕ ಒಬ್ಬರು ಬೇಕಲ್ಲ ಅಂತ! ರಾತ್ರೆಲ್ಲ ದುಡಿದು ಬಂದು, ನೀನು ಬರೋ ತನಕ ಮಕ್ಕೊಳ್ಳಾದಿಲ್ಲ. ನೀನು ಹೋಗಾಗ ಮತ್ತ ಎದ್ದೇಳ್ತಾನ."

ಅಂಜನಾಳ ಕೈ ಸರಳಿನ ಮೇಲೆ ಬಿಗಿಯಾಯಿತು.

ಆ ಕೆಂಪು ಕಣ್ಣು… ನಿದ್ದೆಗೆಟ್ಟ ಕಣ್ಣು! ಒಂದು ದಿನವೂ ಅವನು ಅದನ್ನು ಹೇಳಿಕೊಂಡಿರಲಿಲ್ಲ. ಒಂದು ದಿನವೂ ಮತ್ತೆ ಬೆರಳು ಕೇಳಿರಲಿಲ್ಲ.

"ನನಗ ಹೇಳಬಾರದಿತ್ತೇನ್ರಿ ಅಮ್ಮಾರ?"

"ಹೇಳಿದ್ರ ಅವ್ವನ ಆಣಿ ಅಂದಿದ್ದ. ಈಗ ನಾನ ಅವ್ವ, ಆಣಿ ನಾನ ಮುರೀತೀನಿ. ಯಾರೇನಂತಾರ?"

ಅಂಜನಾ ಅಳುತ್ತಲೇ ನಕ್ಕಳು. "ಸರೀರಿ ಇನ್ನ. ಬಾಗ್ಲು ಹತ್ರ ಬಂತು."

ಬಾಗಿಲ ಬುಡಕ್ಕೆ ಬಂದಾಗ ಕೊನೆಯ ಕಷ್ಟ ಎದುರಾಯಿತು. ಮೈ ಎತ್ತಲು ಎಡಗೈ ಚೌಕಟ್ಟು ಹಿಡಿಯಬೇಕು. ಹಿಡಿಕೆ ಒತ್ತಲು ಉಳಿದದ್ದು ಬಲಗೈ. ತನ್ನದಲ್ಲ ಎಂದು ಆಕೆ ಬಿಟ್ಟುಕೊಟ್ಟಿದ್ದ ಕೈ.

ಅಂಜನಾ ಈಗ ಬಾಗಿಲಿಗೆ ಕೆನ್ನೆ ಒತ್ತಿ ನಿಂತಿದ್ದಳು. "ಆಗತೈತಿ ಅಮ್ಮಾರ. ನಿನ್ನೆ ಚಮಚ ಎತ್ತೀರಿ ನೀವು. ಭುಜದಿಂದ ಎತ್ರಿ… ಬೆರಳು ಹಿಡಿಕಿ ಮ್ಯಾಲೆ ಬಿಡ್ರಿ… ಕೈ ತೂಕನ ಅದರ ಮ್ಯಾಲೆ ಹಾಕ್ರಿ."

ಒಳಗೆ ಒಂದು ನರಳಾಟ. ಒಂದು ಬೈಗುಳ.

ಆಮೇಲೆ… ಟಕ್!

ಬಾಗಿಲು ಒಂದು ಬೆರಳಿನಷ್ಟು ಒಳಕ್ಕೆ ಸರಿಯಿತು. ಆ ಸಂದಿನಲ್ಲಿ ಬೆವತ ಒಂದು ಮುಖ.

"ತೆಗದೆ ಲೇ! ನಾನ ತೆಗದೆ!"

ಅಂಜನಾ ಒಳಗೆ ನುಸುಳಿ ನೆಲದಲ್ಲೇ ಕೂತು ಆಕೆಯನ್ನು ಅಪ್ಪಿಕೊಂಡಳು. ತೊಯ್ದ ಸೀರೆಯ ಸಮೇತ. ಇಬ್ಬರೂ ಎಷ್ಟು ಹೊತ್ತು ಅತ್ತರೋ, ಎಷ್ಟು ಹೊತ್ತು ನಕ್ಕರೋ.

ಚನ್ನಬಸವರಾಜ ಬಂದಾಗ ತಾಯಿಗೆ ಸ್ನಾನವಾಗಿತ್ತು, ಒಣ ಸೀರೆಯುಟ್ಟು ಮಂಚದ ಮೇಲಿದ್ದಳು. ಅವನ ಗುರುತೇ ಸಿಗುವಂತಿರಲಿಲ್ಲ. ಬೈಕನ್ನು ರಸ್ತೆ ಬದಿಗೆ ಬಿಟ್ಟು, ಲಾರಿಗಳ ಸಂದಿಯಲ್ಲಿ ಓಡಿ, ಸಿಕ್ಕ ಆಟೋ ಹತ್ತಿ ಬಂದಿದ್ದ. ತಲೆಯಿಂದ ಪಾದದವರೆಗೆ ಕೆಂಪು ಧೂಳು.

"ಅವ್ವ…"

"ಮೊದ್ಲು ಮುಖ ತೊಳಕೊಂಡು ಬಾ. ಅದಿರಿನ ಗುಡ್ಡ ನಡಕೊಂತ ಬಂದಂಗ ಕಾಣ್ತಿ! ಬಾಗ್ಲು ನಾನು ತೆಗದೀನಿ, ಈ ಕೈಲೇ. ಬೇಕಾದ್ರ ನಿನ್ನ ಮೇಡಮ್ಮನ್ನ ಕೇಳು."

ಅವನು ತಾಯಿಯ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡ. ಅಂಜನಾ ಮೆಲ್ಲಗೆ ಹೊರಗೆ ಹೋಗಿ ಹೊಸ್ತಿಲ ಬಳಿ ನಿಂತಳು.

ಸ್ವಲ್ಪ ಹೊತ್ತಿಗೆ ಅವನೂ ಬಂದ. ಮುಖ ತೊಳೆದಿದ್ದ, ಕಿವಿಯ ಹಿಂದೆ ಇನ್ನೂ ಧೂಳಿತ್ತು.

"ನಿಮ್ಮ ಉಪಕಾರ…" ಎಂದ.

"ಅದು ನಾನು ಹೇಳಬೇಕಾದ ಮಾತ್ರಿ." ಅವಳು ಮುಖ ಎತ್ತಲಿಲ್ಲ. "ಅಮ್ಮಾರು ಎಲ್ಲಾ ಹೇಳಿದ್ರು. ಕಾವಲು ಅಂದ್ಕೊಂಡಿದ್ದೆ ನಾನು. ಕುಡೀತೀರಂತನೂ ಅಂದ್ಕೊಂಡಿದ್ದೆ… ತಪ್ಪಾತ್ರಿ."

ಅವನು ಮೊದಲ ಸಲ ನಕ್ಕ. "ಕುಡಿದಿದ್ರ ಈ ಕೆಂಪಿಗೆ ಒಂದು ಬೆಲಿನಾದ್ರೂ ಇರ್ತಿತ್ತು. ಬರೇ ಚಾ ಕುಡಿದು, ನಿದ್ದಿಗೆಟ್ಟು ಇಷ್ಟ ಕೆಂಪಾಗ್ಯಾವು."

"ಬೀಗಕ್ಕ ನನ್ನ ಹೆಬ್ಬೆಟ್ಟು ಹಾಕ್ಕೋರಿ."

ನಗು ನಿಂತಿತು. "ಹೆಬ್ಬೆಟ್ಟ ಆಗಬೇಕಂತ ಇಲ್ರಿ. ಯಾವ ಬೆರಳಾದ್ರೂ ನಡೀತೈತಿ. ಮಂದಿ ಸುಮ್ನ ಹೆಬ್ಬೆಟ್ಟಿನ ಬೀಗ ಅಂತಾರ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ನೀವು ಹೆಬ್ಬೆಟ್ಟನ್ನ ಮುಷ್ಟಿಯಾಗ ಮಡಚಿ ಹಿಡಿದಿದ್ರಿ. ಬೆರಳು ಯಾವುದರ ಇರಲಿ, ಕೇಳಾದ ತಪ್ಪನಿಸ್ತು. ಆಮ್ಯಾಲೆ ನಿಮ್ಮಪ್ಪಾರ ಸುದ್ದಿ ಅವ್ವ ಹೇಳಿದ್ಲು. ಇನ್ನ ಎಂದೂ ಕೇಳಬಾರದು ಅನ್ಕೊಂಡೆ." ಅವನು ತಲೆ ತಗ್ಗಿಸಿದ. "ಇವತ್ತು ಅವ್ವ ಅಷ್ಟು ಹೊತ್ತು ನೆಲದ ಮ್ಯಾಲೆ ಒದ್ದಾಡಿದ್ದು ನನ್ನ ಸುಮ್ಕಿರೋ ಗುಣಕ್ಕ."

"ನನ್ನ ಹಟಕ್ಕೂ ಹೌದ್ರಿ."



ಅವಳು ಕೈ ಚಾಚಿದಳು. ಹೆಬ್ಬೆರಳೇ.

"ಇದನ್ನ ಹಾಕ್ಕೋರಿ. ನಮ್ಮಪ್ಪಂದು ಮೋಸ ಮಾಡಿ ತಗೊಂಡ್ರು. ನಂದು ನಾನ ಕೊಡಾಕತ್ತೀನಿ."

ಅವನು ಬೀಗದ ಗುಂಡಿ ಒತ್ತಿದ. ಗಾಜಿನ ಒಳಗೆ ಸಣ್ಣ ದೀಪ ಹೊತ್ತಿತು. ಅವಳ ಬೆರಳು ಅದನ್ನು ಮುಟ್ಟುವ ಮೊದಲೇ ಅವನ ಅಂಗೈ ಅಡ್ಡ ಬಂತು.

"ಒಂದು ಮಾತು… ಅವ್ವ ಬೇಗ ಅಡ್ಡಾಡತಾಳ. ಆಮ್ಯಾಲೆ ನೀವು ಬರೋ ಕೆಲಸ ಇರಂಗಿಲ್ಲ. ಕೆಲಸ ಮುಗಿದವರ ಬೆರಳು ಬೀಗದಿಂದ ಅಳಸ್ತಾರ್ರಿ. ನಿಮ್ಮದು ಅಳಸಾಕ ನನ್ನ ಕೈಲೆ ಆಗಾದಿಲ್ಲ." ಅವನ ದನಿ ತಗ್ಗಿತು. "ಒಮ್ಮೆ ಒತ್ತಿದ್ರ ಇದು ನಿಮ್ಮ ಮನಿ. ವಿಚಾರ ಮಾಡಿ ಒತ್ರಿ, ಅಂಜನಾ."

ಮೇಡಮ್ಮರ ಎನ್ನಲಿಲ್ಲ. ಅಂಜನಾ!

ಅವಳ ಕಣ್ಣು ತುಂಬಿ ಬಂತು. ಅಪ್ಪನಿಗೆ ಯಾರೂ ಹೀಗೆ ಹೇಳಿರಲಿಲ್ಲ. 'ಒತ್ತುವ ಮೊದಲು ವಿಚಾರ ಮಾಡು' ಎಂದು ಒಬ್ಬರಾದರೂ ಅವನ ಕೈ ತಡೆದಿದ್ದರೆ! ತನ್ನ ಕೈ ತಡೆದವನನ್ನು ಅವಳು ನೋಡಿದಳು. ಎದೆಯೊಳಗೆ ಏನೋ ಬಿಚ್ಚಿಕೊಂಡಂತಾಯಿತು.

ಅವನ ಅಂಗೈಯನ್ನು ಮೆಲ್ಲಗೆ ಸರಿಸಿ, ಹೆಬ್ಬೆರಳನ್ನು ಗಾಜಿನ ಮೇಲಿಟ್ಟಳು.

ಬೀಗ ಸಣ್ಣಗೆ ಕೂಗಿತು.

"ಚನ್ನಬಸೂ, ಏನಾತಲೇ ಅಲ್ಲಿ?" ಒಳಗಿಂದ ಚನ್ನವೀರಮ್ಮ.

"ಏನಿಲ್ಲವ್ವ… ಮೇಡಮ್ಮರ ಬೆರಳು ಹಾಕ್ಕೊಂಡೆ."

"ಬರೇ ಬೆರಳು ಹಾಕ್ಕೊಂಡ್ರ ಆತೇನ ಮಬ್ಬ? ಮುಂದಿನ ಮಾತು ಆಡು!"

ಅಂಜನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮುಂದಿನ ಮಾತು ನನ್ನ ಹತ್ರ ಅಲ್ರಿ," ಎಂದಳು. "ಕುರುಗೋಡಿಗೆ ಬರ್ರಿ. ಅಪ್ಪನ್ನ ಕೇಳ್ರಿ. ಅವನ್ನ ಯಾರೂ ಏನೂ ಮರ್ಯಾದಿಲೆ ಕೇಳೇ ಇಲ್ಲ. ನೀವು ಕೇಳ್ರಿ."

"ಬರ್ತೀನಿ. ಅವರು ಹೂಂ ಅನ್ನೋ ತನಕ ಬಾಗ್ಲ ಹೊರಗ ನಿಂತಿರ್ತೀನಿ. ರೂಢಿ ಆಗೈತಿ ನನಗ."

ಅವಳು ಕಣ್ಣೊರೆಸಿಕೊಂಡು ಅವನತ್ತ ನೋಡಿದಳು.

"ನಮ್ಮನಿ ಬಾಗ್ಲಿಗೆ ಬೀಗನ ಇಲ್ರಿ. ಸೀದಾ ಒಳಗ ಬರ್ರಿ."