ಬೆಳ್ಳಿ ಚಕ್ರಕ್ಕೆ ಅಲ್ಯೂಮಿನಿಯಂ

"ಉಜ್ಜಿದ್ದು ಸಾಕು ಬಿಡೇ! ಅದೇನು ಊಟದ ತಟ್ಟೆನಾ?" ಅಮ್ಮ ಕಾರಿನ ಕೆಳಗಿನಿಂದಲೇ ಕೂಗಿದಳು.

ಬ್ರೀಸಾ ನಿಲ್ಲಿಸಲಿಲ್ಲ. ಅವಳ ಮುಂದಿದ್ದ ಸೀಮೆಎಣ್ಣೆ ಬೋಗುಣಿಯಲ್ಲಿ ಎಂಜಿನ್ನಿನ ಒಂದು ಭಾಗ ಮುಳುಗಿತ್ತು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಕೂರಿಸುವ ಅಲ್ಯೂಮಿನಿಯಂ ಸ್ಟ್ಯಾಂಡ್ ಅದು. ಇಪ್ಪತ್ತೈದು ವರ್ಷದ ಜಿಡ್ಡು ಅದರ ಮೇಲೆ ಹಲ್ವಾದ ಹಾಗೆ ಕೂತಿತ್ತು. ಮೂರು ಹಳೇ ಟೂತ್‌ಬ್ರಷ್ ಹಾಳಾದ ಮೇಲೆ ಒಳಗಿನ ಲೋಹ ಕಾಣಿಸಿತು. ಆದರೆ ಅದು ಬರೀ ಬೂದಿ ಬಣ್ಣ.

"ಅಮ್ಮಾ, ಇದು ಹೊಳೀತಾನೇ ಇಲ್ಲ."

"ಹೊಳೆದು ಏನಾಗ್ಬೇಕು? ಮುಚ್ಚಳದ ಕೆಳಗೆ ಇರೋ ಸಾಮಾನು."

"ಸೋಮವಾರ ಇನ್‌ಸ್ಪೆಕ್ಷನ್‌ನವರು ಮುಚ್ಚಳ ತೆಗೆದು ನೋಡ್ತಾರಲ್ಲ?"

"ಎಣ್ಣೆ ಸೋರುತ್ತಾ ಅಂತ ನೋಡ್ತಾರೆ. ಅದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೊಳ್ಳಲ್ಲ."

ಅಮ್ಮ ಓದಿಲಿಯಾಳ ಟ್ಯಾಕ್ಸಿ ಒಂದು ಬಿಳಿ ವೋಚೋ. ಗುಂಡು ಬೆನ್ನಿನ ಆ ಪುಟ್ಟ ಕಾರಿಗೆ ಎಂಜಿನ್ ಇರುವುದು ಹಿಂದೆ. ತಾಸ್ಕೋ ಊರಿನ ಕಡಿದಾದ ಓಣಿಗಳಲ್ಲಿ ಅದು ಮೇಕೆಯಂತೆ ಹತ್ತುತ್ತದೆ. ಇನ್‌ಸ್ಪೆಕ್ಷನ್ ಪಾಸಾಗದಿದ್ದರೆ ಮಾತ್ರ ಹತ್ತುವ ಹಾಗಿಲ್ಲ. ಅದಕ್ಕೇ ಎಂಜಿನ್ ಇಳಿಸಿ ಅಂಗಳದ ತುಂಬಾ ಹರಡಿದ್ದರು.

ಅಂಗಳದ ಆಚೆ ಬದಿಗೆ ಫಿದೆನ್ಸಿಯೋ ತಾತನ ಕೋಣೆ. ತಾತ ಬೆಳ್ಳಿ ಕೆಲಸದವರು. ಅಲ್ಲಿ ಮೋಟರಿಗೆ ಸಿಕ್ಕಿಸಿದ ಹತ್ತಿಬಟ್ಟೆಯ ಚಕ್ರವೊಂದಿತ್ತು. ತಿರುಗುವ ಚಕ್ರಕ್ಕೆ ಕೆಂಪು ಪಾಲಿಶ್ ಬಿಲ್ಲೆ ಹಚ್ಚಿ ಬೆಳ್ಳಿ ಹಿಡಿದರೆ ಅದು ಕನ್ನಡಿಯಾಗುತ್ತಿತ್ತು. ಉದುರಿದ ಧೂಳು ಕೆಳಗಿನ ಡ್ರಾಯರಿಗೆ ಬೀಳುತ್ತಿತ್ತು. ಅದರಲ್ಲೂ ಬೆಳ್ಳಿ ಇರುತ್ತದೆ. ವರ್ಷದ ಕೊನೆಗೆ ಅದನ್ನು ಸುಟ್ಟು ಕರಗಿಸಿದರೆ ಒಂದು ಉಂಡೆ ಸಿಗುತ್ತದೆ. ಹಾಗಾಗಿ ಆ ಕೋಣೆಯ ಕಸವನ್ನು ಹೊರಗೆ ಗುಡಿಸುವುದೇ ಇಲ್ಲ. ಬೇರೆ ಲೋಹದ ಪುಡಿ ಬೆರೆತರೆ ಆ ಧೂಳು ಕೆಡುತ್ತದೆ, ಚಕ್ರಕ್ಕೆ ಅಂಟಿದರೆ ಬೆಳ್ಳಿಯನ್ನು ಗೀಚುತ್ತದೆ. ಬೆಳ್ಳಿ ಬಿಟ್ಟು ಬೇರೆ ಯಾವ ಲೋಹವನ್ನೂ ಆ ಚಕ್ರದ ಹತ್ತಿರ ಇದುವರೆಗೆ ಯಾರೂ ತಂದಿರಲಿಲ್ಲ.

ಬ್ರೀಸಾಗೆ ಇದೆಲ್ಲ ಗೊತ್ತಿತ್ತು. ಆದರೆ ಅವತ್ತು ಶನಿವಾರ. ತಾತ ಬೆಳ್ಳಿ ಸಂತೆಗೆ ಹೋಗಿದ್ದರು.

'ಒಂದೇ ನಿಮಿಷ' ಎಂದುಕೊಂಡು ಅವಳು ಸ್ಟ್ಯಾಂಡನ್ನು ಒರೆಸಿಕೊಂಡು ಒಳಗೆ ಹೋದಳು. ತಾತ ಜೊತೆಗಿದ್ದಾಗ ಉಂಗುರಗಳಿಗೆ ಪಾಲಿಶ್ ಹಿಡಿದು ಅವಳಿಗೆ ಅಭ್ಯಾಸವಿತ್ತು. ಸ್ವಿಚ್ ಒತ್ತಿದಳು. ಒಂದು ನಿಮಿಷ ಅಂದದ್ದು ಅರ್ಧ ಗಂಟೆಯಾಯಿತು. ಬೂದಿ ಬಣ್ಣ ಹೋಗಿ, ಮಸುಕು ಹೋಗಿ, ಕೊನೆಗೆ ಅದರಲ್ಲಿ ಅವಳ ಮೂಗು ಕಾಣಿಸಿತು. ಚಕ್ರ ಮಾತ್ರ ಕಪ್ಪಗಾಗಿತ್ತು. ಅದರ ಮೇಲೆ ಕೆಂಪು ಬಿಲ್ಲೆ ದಪ್ಪಗೆ ಹಚ್ಚಿದಳು. ಈಗ ತಾತ ಬಿಟ್ಟುಹೋದ ಹಾಗೇ ಕಂಡಿತು.

"ಅಬ್ಬಬ್ಬಾ!" ಅಮ್ಮ ಸ್ಟ್ಯಾಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಹೇಗೆ ಮಾಡ್ದೆ?"

"ಉಜ್ಜಿದೆ."

ಅಮ್ಮನಿಗೆ ಇನ್ನೂ ಇಪ್ಪತ್ತು ಬೋಲ್ಟ್ ಹಾಕುವುದಿತ್ತು. ಮತ್ತೇನೂ ಕೇಳಲಿಲ್ಲ.

ತಾತ ಮಧ್ಯಾಹ್ನ ಬಂದು, ಏಪ್ರನ್ ಕಟ್ಟಿ, ಒಂದು ಬಳೆ ಹಿಡಿದು ಕೂತರು. ಅದು ಮದುವೆ ಹುಡುಗಿಯ ಬಳೆ. ಮಂಗಳವಾರ ಕೊಡಬೇಕಿತ್ತು. ಮೋಟರಿನ ಸದ್ದು ಕೇಳಿಸಿತು, ನಿಂತಿತು. ಮತ್ತೆ ಕೇಳಿಸಿತು, ಮತ್ತೆ ನಿಂತಿತು. ತಾತ ಹೊರಗೆ ಬಂದು ಬಿಸಿಲಿಗೆ ಬಳೆ ಹಿಡಿದು ನೋಡಿದರು. ಒಳಗೆ ಹೋಗಿ ಇನ್ನೊಂದು ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಬ್ರೀಸಾ ಅಂಗಳದಲ್ಲಿ ನಟ್ಟುಗಳನ್ನು ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

ಸಂಜೆ ಊಟಕ್ಕೆ ಜುಮಿಲ್ ಹುಳುವಿನ ಚಟ್ನಿ ಇತ್ತು. ತಾತನಿಗೆ ಅದೆಂದರೆ ಪ್ರಾಣ. ಆದರೂ ರೊಟ್ಟಿ ಮುರಿದು ಹಾಗೇ ಕೂತರು.

"ಓದಿಲಿಯಾ, ನನ್ನ ಕೈ ಹೋಯ್ತಮ್ಮಾ."

"ಏನಾಯ್ತಪ್ಪಾ? ಪೆಟ್ಟಾಯ್ತಾ?"

"ಪೆಟ್ಟಲ್ಲ. ಪಾಲಿಶ್ ಬರ್ತಿಲ್ಲ. ಮೂರು ಸಲ ಮಾಡ್ದೆ. ಮೂರು ಸಲಾನೂ ಬಳೆ ತುಂಬಾ ಗೀಚು."

"ಚಕ್ರ ಸವೆದಿರ್ಬೇಕು."

"ಬುಧವಾರ ತಾನೇ ಹೊಸದು ಹಾಕಿದ್ದು. ಚಕ್ರದ್ದೇನೂ ತಪ್ಪಿಲ್ಲ. ಎಪ್ಪತ್ನಾಲ್ಕು ವರ್ಷದ ಕೈ, ಇನ್ನೆಷ್ಟು ದಿನ ನಡೆದೀತು?" ತಾತ ಬಲಗೈ ಬೆರಳುಗಳನ್ನು ಅಗಲಿಸಿ ಮೇಜಿನ ಮೇಲೆ ಎತ್ತಿ ಹಿಡಿದರು. "ನೋಡಿ, ಹೇಗೆ ನಡುಗ್ತಿದೆ."

ಬ್ರೀಸಾ ನೋಡಿದಳು. ಕೈ ಚೂರೂ ನಡುಗುತ್ತಿರಲಿಲ್ಲ.

"ಕ್ರಿಸ್ಪಿನ್‌ಗೆ ಹೇಳಿ ಬಂದಿದ್ದೀನಿ" ಎಂದರು ತಾತ. ಕ್ರಿಸ್ಪಿನ್ ಪಕ್ಕದ ಓಣಿಯ ಬೆಳ್ಳಿ ಕೆಲಸದವನು. "ನಾಳೆ ಚರ್ಚ್ ಮುಗಿಸ್ಕೊಂಡು ಬಂದು ಮೋಟರು, ಚಕ್ರ ಎಲ್ಲಾ ತಗೊಂಡು ಹೋಗ್ತಾನೆ. ಬಳೇನೂ ಅವನೇ ಮುಗಿಸಿ ಕೊಡ್ಲಿ."

ಬ್ರೀಸಾಗೆ ಈಗಲೇ ಹೇಳಿಬಿಡೋಣ ಅನ್ನಿಸಿತು. ಹೇಳಿದರೆ ಚಕ್ರ ಕೆಡಿಸಿದ್ದಕ್ಕೆ ಬೈಗುಳ. ಧೂಳು ಕೆಡಿಸಿದ್ದಕ್ಕೆ ಇನ್ನೂ ದೊಡ್ಡ ಬೈಗುಳ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ತಾತ ತಪ್ಪನ್ನೆಲ್ಲ ತಾವೇ ಹೊತ್ತುಕೊಂಡು ಆಗಿತ್ತಲ್ಲ! ಅದರಿಂದಲೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಯಿತು. ಆದರೂ ಅವತ್ತು ಹೇಳದೆಯೇ ತಟ್ಟೆ ಎತ್ತಿಕೊಂಡು ಎದ್ದಳು.

ಬೆಳಿಗ್ಗೆ ಚರ್ಚಿನ ಗಂಟೆ ಹೊಡೆಯುವಾಗ ತಾತ ಸ್ಪ್ಯಾನರ್ ಹಿಡಿದು ಮೋಟರಿನ ಬೋಲ್ಟ್ ಬಿಚ್ಚುತ್ತಿದ್ದರು. ನಾಲ್ಕರಲ್ಲಿ ಮೂರು ಬಿಚ್ಚಿ ಆಗಿತ್ತು. ಬ್ರೀಸಾ ಬಾಗಿಲಲ್ಲಿ ನಿಂತಳು.

"ತಾತಾ, ಆ ಚಕ್ರ ಕೆಡಿಸಿದ್ದು ನಾನು."

"ಯಾವ ಚಕ್ರ?"

"ಬುಧವಾರದ್ದು. ಅದರಲ್ಲಿ ವೋಚೋದ ಸ್ಟ್ಯಾಂಡ್ ಪಾಲಿಶ್ ಮಾಡ್ದೆ. ಅಲ್ಯೂಮಿನಿಯಂದು."

ತಾತ ಅವಳನ್ನು ಒಂದು ಕ್ಷಣ ನೋಡಿ ನಕ್ಕರು. ಅದು ಖುಷಿಯ ನಗುವಲ್ಲ. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಪುಟ್ಟಿ. ಈ ಮನೇಲಿ ಹುಟ್ಟಿದವಳು ಅಂಥ ಕೆಲಸ ಮಾಡಲ್ಲ."

ಬ್ರೀಸಾಗೆ ಅಳು ಬಂತು. ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದಳು. ನಂಬುವುದೇ ಇಲ್ಲ ಎಂದರೆ ಏನು ಮಾಡುವುದು?

ಅವಳು ಕಪಾಟಿನಿಂದ ಒಂದು ಹೊಸ ಚಕ್ರ ತೆಗೆದಳು. ಕವರ್ ಹರಿದಳು. "ಇದನ್ನ ಹಾಕಿ ಮಾಡಿ, ತಾತ. ಒಂದೇ ಸಲ."

"ಬೋಲ್ಟೆಲ್ಲ ಬಿಚ್ಚಿದ್ದೀನಲ್ಲೇ."

"ನಾನು ಹಾಕ್ತೀನಿ."

ಅಮ್ಮನ ಜೊತೆ ಕೆಲಸ ಮಾಡಿದವಳಿಗೆ ಮೂರು ಬೋಲ್ಟ್ ಏನು ಮಹಾ! ಹಾಕಿ ಬಿಗಿ ಮಾಡಿದಳು. ತಾತ ಗೊಣಗುತ್ತಲೇ ಹಳೇ ಚಕ್ರ ತೆಗೆದು ಹೊಸದನ್ನು ಸಿಕ್ಕಿಸಿದರು. ಕೆಂಪು ಬಿಲ್ಲೆ ಹಚ್ಚಿ, ಬಳೆ ಹಿಡಿದರು.

ಮೋಟರ್ ನಿಂತಿತು. ತಾತ ಬಳೆ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಗೀಚೂ ಇರಲಿಲ್ಲ. ಅವರ ದೊಡ್ಡ ಮೀಸೆ ಪೂರ್ತಿ ಬಳೆಯಲ್ಲಿ ಕಾಣಿಸಿತು. ಆಮೇಲೆ ತೆಗೆದಿಟ್ಟ ಹಳೇ ಚಕ್ರವನ್ನು ಉಗುರಿನಿಂದ ಕೆರೆದರು. ಕೆಂಪಿನ ಕೆಳಗೆ ಕಪ್ಪು. ಡ್ರಾಯರ್ ಎಳೆದು ಎರಡು ಬೆರಳಲ್ಲಿ ಧೂಳು ತೆಗೆದು ತಿಕ್ಕಿ ನೋಡಿದರು.

ಆಮೇಲೆ ಶುರುವಾಯಿತು.

"ಕತ್ತೆ! ಕತ್ತೆಗಿಂತ ಕತ್ತೆ! ನನ್ನ ಅಪ್ಪನ ಕಾಲದಿಂದ ಬೆಳ್ಳಿ ಬಿಟ್ಟು ಇನ್ನೊಂದು ಲೋಹ ಮುಟ್ಟದ ಜಾಗ ಇದು! ವರ್ಷದ ಧೂಳೆಲ್ಲ ಮಣ್ಣುಪಾಲು ಮಾಡಿದ್ಯಲ್ಲೇ! ಮೇಲಿಂದ ಕೆಂಪು ಹಚ್ಚಿ ಮುಚ್ಚಿಟ್ಟಿದ್ದೀಯಾ? ನಾನು ರಾತ್ರಿಯಿಡೀ ಈ ಕೈಗಳನ್ನ ಬೈಕೊಂಡು ಬಿದ್ದಿದ್ದೆ!"

ಅಮ್ಮ ಓಡಿ ಬಂದಳು. ಅದೇ ಹೊತ್ತಿಗೆ ಕ್ರಿಸ್ಪಿನ್ ಕೈಗಾಡಿ ತಳ್ಳಿಕೊಂಡು ಬಂದು ಬಾಗಿಲಲ್ಲಿ ನಿಂತ. "ಮೋಟರ್ ತಗೊಂಡು ಹೋಗೋಕೆ ಬಂದೆ ಯಜಮಾನ್ರೇ."

"ಯಾವ ಮೋಟರು? ಯಾವನು ಹೇಳಿದ್ದು? ಹೋಗಯ್ಯ, ನಾನಿಲ್ಲಿ ಕೆಲಸದಲ್ಲಿದ್ದೀನಿ!"

ಕ್ರಿಸ್ಪಿನ್ ಕೈಗಾಡಿ ತಿರುಗಿಸಿದ. ತಾತ ಮತ್ತೆ ಬ್ರೀಸಾ ಕಡೆ ತಿರುಗಿದರು. ಕ್ರಿಸ್ಮಸ್‌ವರೆಗೆ ಈ ಕೋಣೆಗೆ ಕಾಲಿಡಬಾರದು ಎಂದರು. ಅಲ್ಯೂಮಿನಿಯಂಗೆ ಅಷ್ಟು ಒತ್ತಿ ಹಿಡಿಯುತ್ತಾರಾ, ಅದು ಮೆತ್ತಗಿನ ಲೋಹ, ಹಗುರವಾಗಿ ಹಿಡಿಯಬೇಕು, ಅದಕ್ಕೆ ಬೇರೆ ಚಕ್ರ, ಬೇರೆ ಬಿಲ್ಲೆ ಬೇಕು ಎಂದರು. ಹಾಗೆನ್ನುತ್ತಾ ಬಳೆ ಹಿಡಿದ ಕೈಯನ್ನು ಜೋರಾಗಿ ಬೀಸುತ್ತಿದ್ದರು. ಮುಖ ಕೆಂಪಾಗಿತ್ತು. ನಿನ್ನೆ ಊಟ ಬಿಟ್ಟು ಕೂತಿದ್ದ ಮುದುಕ ಇವರೇನಾ ಅನ್ನಿಸುತ್ತಿತ್ತು.

ಬ್ರೀಸಾ ತಲೆ ತಗ್ಗಿಸಿ ನಿಂತಿದ್ದಳು. "ಇನ್ನು ಹೋಗು" ಎಂದು ಅಮ್ಮ ಕಣ್ಣಲ್ಲೇ ಸನ್ನೆ ಮಾಡಿದಳು. ಬ್ರೀಸಾ ಕದಲಲಿಲ್ಲ.

ಕೊನೆಗೆ ತಾತನ ಬೈಗುಳ ನಿಧಾನವಾಯಿತು. ನಡುಗುತ್ತಿವೆಯಾ ಎಂದು ನೋಡುವವರಂತೆ ಅವರ ಕಣ್ಣು ಮೆಲ್ಲಗೆ ತಮ್ಮ ಬೆರಳುಗಳ ಕಡೆ ಹೋಯಿತು.

"ತಾತಾ," ಎಂದಳು ಬ್ರೀಸಾ ಸಣ್ಣ ದನಿಯಲ್ಲಿ, "ನಿನ್ನೆ ನಾನು ಕೂದಲನ್ನೂ ಕಟ್ಕೊಂಡಿರಲಿಲ್ಲ."

"ಏನಂದೆ? ತಿರುಗೋ ಚಕ್ರದ ಮುಂದೆ ಕೂದಲು ಬಿಟ್ಕೊಂಡು ನಿಂತಿದ್ಯಾ?"

ತಾತ ಮೊದಲಿಂದ ಶುರು ಮಾಡಿದರು. ಬ್ರೀಸಾ ಗೋಡೆಗೆ ಒರಗಿ ಆರಾಮವಾಗಿ ನಿಂತುಕೊಂಡಳು.