ಕುಂಕುಮ ಹಚ್ಚಿದ ಮರದ ತುಂಡುಗಳು

ಅಜ್ಜಿಯ ಒದ್ದೆ ಮಣೆಯ ವಾಸನೆ!

ಟ್ರಿಪ್ಲಿಕೇನಿನ ಆ ಕನ್ನಡದವರ ಮೆಸ್ಸಿಗೆ ಮೊದಲ ಸಲ ಬಂದಾಗ ವಿಭಾಳ ಮೂಗಿಗೆ ಬಾಲ್ಯದ ಆ ವಾಸನೆಯೇ ಬಡಿಯಿತು. ಬಾಗಿಲ ಚೌಕಟ್ಟಿಗೆ ಮೂಗು ತಾಗಿಸಿ ನಿಂತೇಬಿಟ್ಟಳು.

"ಊಟ ಒಳಗುಂಟು ಮಾರಾಯ್ರೆ, ಬಾಗಿಲಲ್ಲಿ ಎಂತ ಇಲ್ಲ!" ಗಲ್ಲಾದಲ್ಲಿದ್ದ ಚರಣ್ ನಕ್ಕ.

"ಇಲ್ಲೂ ಊಟ ನಡೀತಿದೆ. ಶಿಲೀಂಧ್ರ ನಿಮ್ಮ ಬಾಗಿಲು ತಿಂತಿದೆ!"

ಅವಳ ಸಂಶೋಧನೆಯೇ ಅದು. ಮರ ತಿನ್ನುವ ಶಿಲೀಂಧ್ರವನ್ನು ತಡೆಯುವ ರಸ ಇನ್ನೊಂದು ಹಸಿರು ಶಿಲೀಂಧ್ರದೊಳಗೇ ಇತ್ತು. ಅದನ್ನು ತೆಗೆದು, ಮರದ ತುಂಡುಗಳಿಗೆ ಹಚ್ಚಿ, ಕೊಳೆಯುತ್ತವೋ ಇಲ್ಲವೋ ನೋಡಲು ಮೆಸ್ಸಿನ ಒದ್ದೆ ಹಿತ್ತಲಲ್ಲಿ ಇಟ್ಟಳು.

"ಗೆದ್ದರೆ ಮೊದಲು ನಿಮ್ಮ ಬಾಗಿಲಿಗೇ ಹಚ್ತೀನಿ."

ತುಂಡು ನೋಡುವ ನೆಪದಲ್ಲಿ ವರ್ಷವಿಡೀ ದಿನಾ ಬಂದಳು. ಕೇಳದೆಯೇ ಅವಳ ಎಲೆಗೆ ಗಟ್ಟಿ ಮೊಸರು ಬೀಳುತ್ತಿತ್ತು...

ಆಯುಧಪೂಜೆಯ ದಿನ ಹಿತ್ತಲು ಖಾಲಿ! ತುಂಡುಗಳು ಒಳಗೆ, ಗ್ರೈಂಡರಿನ ಪಕ್ಕ, ಚೆನ್ನಾಗಿ ತೊಳೆಸಿಕೊಂಡು ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು.

"ನಿಮ್ಮ ಆಯುಧ ಇವೇ ಅಲ್ವಾ? ಪೂಜೆಗಿಟ್ಟೆ." ಅವನ ಕಣ್ಣು ಹೊಳೆಯುತ್ತಿತ್ತು.

"ಅಯ್ಯೋ! ಅರಿಸಿನವೂ ಬೂಷ್ಟು ತಡೆಯುತ್ತೆ. ಇನ್ನು ತಡೆದದ್ದು ನನ್ನ ರಸಾನೇ ಅಂತ ಹೇಗೆ ಹೇಳಲಿ? ವರ್ಷದ ಕೆಲಸ ಹಾಳು! ಎಂಜಲು ತಟ್ಟೆ ತೊಳೆಯೋದು ಬಿಟ್ಟು ನಿಮಗೇನು ಗೊತ್ತು?"

ಉಣ್ಣುತ್ತಿದ್ದವರೆಲ್ಲ ತಲೆ ಎತ್ತಿದರು. ಚರಣ್ ತಲೆ ತಗ್ಗಿಸಿದ. ಅವಳು ಉಣ್ಣದೆ ಹೊರಟುಹೋದಳು.

ಮುಂದೆ ಹೊಸ ತುಂಡುಗಳ ಮೇಲೆ ರಸ ಗೆದ್ದಿತು. ಆ ದಿನ ವಿಭಾ ಅತ್ತಳು. ಹೇಳಬೇಕಾದವನ ಎದುರು ನಿಲ್ಲಲು ಮುಖವಿರಲಿಲ್ಲ. 'ಯಾಕಾದರೂ ಅಂದೆನೋ...'

ಎರಡು ವರ್ಷದ ಮೇಲೆ, ಮತ್ತೆ ಆಯುಧಪೂಜೆಯ ಮಧ್ಯಾಹ್ನ, ಸೀಸೆ, ಬ್ರಷ್ ಹಿಡಿದು ಅದೇ ಬಾಗಿಲಲ್ಲಿ ನಿಂತಳು. ಚೌಕಟ್ಟಿನ ಬುಡ ಅರ್ಧ ಹೋಗಿತ್ತು.

"ಬದಲಾಯಿಸಲಿಲ್ವಾ?"

"ನೀವು ಹಚ್ತೇನೆ ಅಂದದ್ದಲ್ವಾ." ಚರಣ್ ನಗಲಿಲ್ಲ.

ಒಳಗೆ ಪಂಕ್ತಿ ತುಂಬಿತ್ತು. ವಿಭಾ ದನಿ ತಗ್ಗಿಸಲಿಲ್ಲ.

"ಅವತ್ತು ಎಲ್ಲರೆದುರು ಅಂದೆ. ಇವತ್ತೂ ಎಲ್ಲರೆದುರೇ ಹೇಳ್ತೀನಿ, ತಪ್ಪು ನಂದು. ನೀವು ನನ್ನ ಕೆಲಸಕ್ಕೆ ಕೈ ಮುಗಿದಿರಿ. ನಾನು ನಿಮ್ಮ ಕೆಲಸಾನ ಹೀಯಾಳಿಸಿದೆ."

"ತುಂಬಾ ನೋವಾಯ್ತು, ವಿಭಾ." ಚರಣ್ ಗಲ್ಲಾದಿಂದ ಎದ್ದು ಬಂದ.

ಅವಳು ಮಂಡಿಯೂರಿ ಚೌಕಟ್ಟಿಗೆ ರಸ ಹಚ್ಚತೊಡಗಿದಳು. ಕಣ್ಣು ಮಂಜಾಗಿತ್ತು.

"ಕೊಳೆತದ್ದು ವಾಪಸ್ ಬರಲ್ಲ ಚರಣ್. ಉಳಿದದ್ದು ಉಳಿಯುತ್ತೆ, ಅಷ್ಟೇ."

"ಅಷ್ಟು ಸಾಕು."

"ನಿಮ್ಮನ್ನ ಬಿಟ್ಟಿರಕ್ಕೆ ಆಗಲಿಲ್ಲ... ಮತ್ತೆ ಬರಲಾ?"

ಅವನು ಒಳಗೆ ಹೋದ. ವಿಭಾಳ ಕೈಯ ಬ್ರಷ್ ನಿಂತಿತು.

ತಿರುಗಿ ಬಂದವನು ಬ್ರಷ್ ತೆಗೆದಿಟ್ಟು, ಎಲೆ ಹಾಸಿದ ತಟ್ಟೆಯನ್ನು ಅವಳ ಕೈಗಿತ್ತ. ಬಿಸಿ ಅನ್ನ, ಸಾರು, ಅಂಚಿನಲ್ಲಿ ಗಟ್ಟಿ ಮೊಸರು.